ಊರಿಗೆ ಒಬ್ಬರೇ ನೆಟ್‌ನವರು: ಸರ್ಕಾರ ರೇಟ್ ಕಟ್ಟಬೇಕಾ, ಎರಡನೇ ಲೈನ್ ತರಬೇಕಾ?

ಪ್ರಶ್ನೆ: ಸರ್, ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಊರಿಗೆಲ್ಲ ನೆಟ್ ಕೊಡುವವರು ಒಬ್ಬರೇ, ಕೇಬಲ್ ಟಿವಿಯವರು. ತಿಂಗಳಿಗೆ 599 ರೂಪಾಯಿ, ಮೇಲೆ ಜಿಎಸ್‌ಟಿ. ಟೌನಿನಲ್ಲಿರುವ ನನ್ನ ತಂಗಿ ಮನೆಗೆ ಅದೇ ಸ್ಪೀಡಿಗೆ 399. ಕಳೆದ ತಿಂಗಳು 9 ದಿನ ನೆಟ್ ಇರಲಿಲ್ಲ, ದುಡ್ಡು ಮಾತ್ರ ಪೂರ್ತಿ ತೆಗೆದುಕೊಂಡರು. ಪಂಚಾಯಿತಿ ಆಫೀಸಿನಲ್ಲಿ ಸರ್ಕಾರದ ಫೈಬರ್ ಡಬ್ಬ ಒಂದಿದೆ, ಅದರಲ್ಲಿ ಕೆಂಪು ಲೈಟ್ ಮಿನುಗುತ್ತದೆ ಅಷ್ಟೆ. ಕರೆಂಟಿಗೆ ಸರ್ಕಾರವೇ ರೇಟ್ ಕಟ್ಟುವ ಹಾಗೆ ಇಂಟರ್ನೆಟ್‌ಗೂ ಒಂದೇ ರೇಟ್ ಯಾಕೆ ಮಾಡಬಾರದು? ನಮ್ಮಂಥವರಿಗೆ ಯಾವ ಕಾನೂನೂ ಇಲ್ವಾ?

ಉತ್ತರ:

ಕಾನೂನು ಇದೆ, ಬೇಕಾದಷ್ಟಿದೆ. ಒಂದೇ ರೇಟ್ ಮಾಡುವ ಕಾನೂನು ಮಾತ್ರ ಇಲ್ಲ. ನನ್ನನ್ನು ಕೇಳಿದರೆ ಅದು ಬರದೇ ಇರುವುದೇ ವಾಸಿ. ಬೈಯಬೇಡಿ, ಯಾಕೆ ಅಂತ ಹೇಳುತ್ತೇನೆ.

ನಾನು 30 ವರ್ಷ ಟೆಲಿಫೋನ್ ಕೆಲಸದಲ್ಲಿ ಇದ್ದವನು. ಅದರಲ್ಲಿ ಮುಕ್ಕಾಲು ಪಾಲು ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ ಸುತ್ತಮುತ್ತಲೇ ಕಳೆಯಿತು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಯಿತು, ಆದರೆ ನಮ್ಮಂಥ ಹಳೇ ಟೆಲಿಫೋನಿನವರ ಬಾಯಲ್ಲಿ ಇದೆಲ್ಲ ಈಗಲೂ ಕೋಲಾರವೇ. ಹಾಗಾಗಿ ನೀವು ಊರಿನ ಹೆಸರು ಬರೆಯದಿದ್ದರೂ ನಿಮ್ಮ ಬೀದಿಯ ಕಂಬ ಹೇಗಿರುತ್ತದೆ, ಅದರ ಮೇಲೆ ಆ ಕಪ್ಪು ವೈರಿನ ಸುರುಳಿ ಹೇಗೆ ಜೋತಾಡುತ್ತಿರುತ್ತದೆ ಅನ್ನುವುದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ.

ಕರೆಂಟಿನ ಮಾತು ಎತ್ತಿದಿರಿ. ಕರೆಂಟಿಗೆ ನಮ್ಮ ಕಡೆ ಬೆಸ್ಕಾಂ ಒಂದೇ. ಅವರು ಬೇಡ ಅಂದರೆ ಸೀಮೆಎಣ್ಣೆ ದೀಪವೇ ಗತಿ. ಅದಕ್ಕೇ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ಕೂತು ಯೂನಿಟ್ಟಿಗೆ ಇಷ್ಟು ಅಂತ ದರ ಗೊತ್ತು ಮಾಡುತ್ತದೆ. ಟೆಲಿಕಾಂನಲ್ಲಿ ಹಿಡಿದ ದಾರಿ ಬೇರೆ. 1997ರಲ್ಲಿ ಟ್ರಾಯ್ ಬಂತು (ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ಕೇಂದ್ರದ ನಿಯಂತ್ರಣ ಪ್ರಾಧಿಕಾರ ಅದು), 1999ರಲ್ಲಿ ದರದ ಆದೇಶ ಬಂತು, ಆಮೇಲೆ ಕಂಪನಿಗಳು ಜಾಸ್ತಿ ಆದ ಹಾಗೆ ಟ್ರಾಯ್ ನಿಧಾನಕ್ಕೆ ರೇಟಿನಿಂದ ಕೈ ತೆಗೆಯಿತು. ಈಗ ಕಂಪನಿ ತನಗೆ ಸರಿ ಕಂಡ ಪ್ಲಾನ್ ಬಿಡಬಹುದು, ಬಿಟ್ಟ ಮೇಲೆ 7 ಕೆಲಸದ ದಿನದೊಳಗೆ ಟ್ರಾಯ್‌ಗೆ ತಿಳಿಸಿದರಾಯಿತು. ನಾಲ್ಕು ಜನ ಅಂಗಡಿ ಇಟ್ಟರೆ ಬೆಲೆ ತಾನೇ ಇಳಿಯುತ್ತದೆ ಅನ್ನುವ ಲೆಕ್ಕ ಅದು. ಮೊಬೈಲಿನಲ್ಲಿ ಆ ಲೆಕ್ಕ ಬಹಳ ಕಾಲ ಸರಿಯಾಗಿಯೇ ನಡೆಯಿತು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಸರಿ. ನಿಮ್ಮ ಊರಿನಲ್ಲಿ ಅಂಗಡಿ ಒಂದೇ. ಮೇಲೆ ಕೂತವರಿಗೆ ನಾಲ್ಕು ಅಂಗಡಿ ಕಾಣುತ್ತದೆ, ನಿಮಗೆ ಒಂದು ಕಾಣುತ್ತದೆ. ಗಂಟು ಇರುವುದು ಅಲ್ಲೇ.

ಸರಿ, ಹಾಗಾದರೆ ಹಳ್ಳಿಗೂ 399 ಅಂತ ಆಜ್ಞೆ ಮಾಡಿದರೆ ಏನಾಗುತ್ತದೆ? ನಿಮ್ಮ ಊರಿನಲ್ಲಿ 60 ಮನೆಗೆ ನೆಟ್ ಇದೆ ಅಂದುಕೊಳ್ಳಿ. 599ರ ಹಾಗೆ ತಿಂಗಳಿಗೆ 35,940 ರೂಪಾಯಿ. ಅದರಲ್ಲಿ ಒಂದು ಪಾಲು ಮೇಲಿನ ಕಂಪನಿಗೆ ಹೋಗುತ್ತದೆ, ಉಳಿದದ್ದರಲ್ಲಿ ಕಂಬದ ಬಾಡಿಗೆ, ವೈರು, ಡೀಸೆಲ್ಲು, ಏಣಿ ಹೊತ್ತುಕೊಂಡು ಬರುವ ಹುಡುಗನ ಸಂಬಳ. 399 ಮಾಡಿದರೆ 23,940. ಕಡಿಮೆಯಾದ 12,000 ಎಲ್ಲಿಂದ ಹೋಗುತ್ತದೆ ಹೇಳಿ? ಆ ಹುಡುಗನ ಸಂಬಳವೇ ಹೋಗುತ್ತದೆ. ಈಗ 9 ದಿನಕ್ಕೆ ಬರುವವನು ಆಮೇಲೆ ಬರುವುದೇ ಇಲ್ಲ. ನೀವು ಅವರನ್ನು ಬೈಯುವುದರಲ್ಲಿ ತಪ್ಪಿಲ್ಲ, ಆದರೆ ಟೌನಿನಲ್ಲಿ ಒಂದು ಕಿಲೋಮೀಟರಿಗೆ ಸಿಗುವ ಮನೆಗಳು ಹಳ್ಳಿಯಲ್ಲಿ ಎಂಟು ಕಿಲೋಮೀಟರ್ ಎಳೆದರೂ ಸಿಗುವುದಿಲ್ಲ ಅನ್ನುವುದೂ ನಿಜ ಅಲ್ವಾ. ಆ ಮಧ್ಯದ ತೋಟ, ಕೆರೆ ಏರಿ, ರಾಗಿ ಹೊಲದ ಮೇಲಿನ ವೈರಿಗೆ ಯಾರೋ ಒಬ್ಬರು ದುಡ್ಡು ಹಾಕಲೇಬೇಕು. ಆ ದುಡ್ಡು ಸರ್ಕಾರ ಹಾಕಬೇಕು ಅನ್ನುವುದು ನನ್ನ ವಾದ. ಹಾಕಿಯೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಅದಕ್ಕೂ ಮೊದಲು ಒಂದು ಸಣ್ಣ ಪತ್ತೇದಾರಿ ಕೆಲಸ ಮಾಡಿ. ನಿಮ್ಮ ಕೇಬಲ್‌ನವರು ಯಾವ ಕಂಪನಿಯ ನೆಟ್ ಮಾರುತ್ತಿದ್ದಾರೆ ಅಂತ ನೋಡಿ. ಹಳ್ಳಿಯ ಬಹಳಷ್ಟು ಕೇಬಲ್‌ನವರ ಬಳಿ ಸ್ವಂತ ಲೈಸೆನ್ಸ್ ಇರುವುದಿಲ್ಲ, ಯಾವುದೋ ಕಂಪನಿಯ ಪಾಲುದಾರರಾಗಿ ಕೆಲಸ ಮಾಡುತ್ತಾರೆ. ಆ ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಪ್ಲಾನಿನ ದರ ಎಷ್ಟಿದೆ? ಅಲ್ಲಿ 499 ಇದ್ದು ಇಲ್ಲಿ 599 ವಸೂಲಾಗುತ್ತಿದ್ದರೆ ಅದು ಪ್ಲಾನಿನ ದರವೇ ಅಲ್ಲ, ಮಧ್ಯದಲ್ಲಿ ಸೇರಿದ್ದು. ಒಂದೇ ವರ್ಗದ ಗ್ರಾಹಕರ ನಡುವೆ ಕಾರಣವಿಲ್ಲದೆ ಭೇದ ಮಾಡುವಂತಿಲ್ಲ ಅಂತ ಆ 1999ರ ಆದೇಶದಲ್ಲೇ ಇದೆ. ತಂಗಿಯವರದೂ ಅದೇ ಕಂಪನಿ, ಅದೇ ಪ್ಲಾನ್ ಆಗಿದ್ದರೆ ಇದನ್ನು ಹಿಡಿದು ಜಗ್ಗಬಹುದು. ಬೇರೆ ಕಂಪನಿ ಆಗಿದ್ದರೆ ಜಗ್ಗಲು ಬರುವುದಿಲ್ಲ. ಇನ್ನೊಂದು, ಬಿಲ್ ಕೇಳಿ. 599ಕ್ಕೆ 18% ಜಿಎಸ್‌ಟಿ ಸೇರಿದರೆ 706 ರೂಪಾಯಿ 82 ಪೈಸೆ. ಅದನ್ನು ನಿಮ್ಮಿಂದ ತೆಗೆದುಕೊಂಡು ಜಿಎಸ್‌ಟಿ ನಂಬರ್ ಇರುವ ಬಿಲ್ ಕೊಡದೆ ಫೋನಿನಲ್ಲಿ ಬರೀ ‘ಓಕೆ ಅಣ್ಣ ಬಂತು’ ಅಂತ ಮೆಸೇಜ್ ಹಾಕಿದರೆ, ಆ 107 ರೂಪಾಯಿ ಎಲ್ಲಿಗೆ ಹೋಯಿತು ಅಂತ ಕೇಳುವ ಹಕ್ಕು ನಿಮಗಿದೆ.

ಟ್ರಾಯ್ ರೇಟಿಗೆ ಕೈ ಹಾಕುವುದೇ ಇಲ್ಲ ಅಂತ ಅಲ್ಲ. ಎರಡು ಸಲ ಹಾಕಿದ್ದು ನನಗೆ ಬಹಳ ಹಿಡಿಸಿತು.

ಒಂದು, 2016ರ ಫೆಬ್ರವರಿ 8ರ ನಿಯಮ. ಆಗ ಫೇಸ್‌ಬುಕ್‌ನವರು ‘ಫ್ರೀ ಬೇಸಿಕ್ಸ್’ ಅಂತ ತಂದಿದ್ದರು, ಕೆಲವು ಆಯ್ದ ಸೈಟುಗಳು ಮಾತ್ರ ಪುಕ್ಕಟೆ, ಉಳಿದದ್ದಕ್ಕೆ ದುಡ್ಡು. ಬಡವರಿಗೆ ಅನುಕೂಲ ಅಂತ ಊರೂರಲ್ಲಿ ಜಾಹೀರಾತು. ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. ಟ್ರಾಯ್ ಅದನ್ನು ನಿಲ್ಲಿಸಿತು. ನೋಡುವ ಸೈಟು ಯಾವುದು ಅನ್ನುವುದರ ಮೇಲೆ ಬೇರೆ ಬೇರೆ ರೇಟ್ ಹಾಕುವಂತಿಲ್ಲ, ಹಾಕಿದರೆ ದಿನಕ್ಕೆ 50,000 ರೂಪಾಯಿ ದಂಡ, 50 ಲಕ್ಷದವರೆಗೆ. 2018ರಲ್ಲಿ ಲೈಸೆನ್ಸಿನ ಷರತ್ತಿಗೇ ಇದನ್ನು ಸೇರಿಸಿದರು, ಬೇಕಾದ ಸೈಟನ್ನು ಓಡಿಸಿ ಬೇಡದ್ದನ್ನು ಕುಂಟಿಸುವಂತೆಯೂ ಇಲ್ಲ. ನಿಮ್ಮ ಊರಿಗೆ ಇದರಿಂದ ಏನು? ರೇಷ್ಮೆ ಗೂಡಿನ ಹರಾಜನ್ನೇ ತೆಗೆದುಕೊಳ್ಳಿ. ಈಗ ಅದು ಇ-ಹರಾಜು, ಗೂಡು ಕೊಂಡು ನೂಲು ತೆಗೆಯುವ ರೀಲರುಗಳು ಮೊಬೈಲಿನಲ್ಲೇ ಬೆಲೆ ಹಾಕುತ್ತಾರೆ. ನೆಟ್‌ನವನು ತನಗೆ ಬೇಕಾದವರ ಆ್ಯಪ್ ಮಾತ್ರ ಓಡುವ ಹಾಗೆ ಮಾಡಿದರೆ ಮಾರುಕಟ್ಟೆಯ ಕೀಲಿ ಅವನ ಜೇಬಿಗೆ ಹೋದ ಹಾಗೆ. ಬಡವರಿಗೆ ಅಂತ ಅರ್ಧ ಇಂಟರ್ನೆಟ್ ಕೊಡುವುದು ದಾನವಲ್ಲ.

ಎರಡನೆಯದು ತೀರ ಈಚಿನದು, ಮತ್ತು ನಿಮ್ಮ ಕೆಲಸಕ್ಕೆ ನೇರವಾಗಿ ಬರುವಂಥದ್ದು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಿಎಂ-ವಾಣಿ ಅಂತ ಒಂದು ಯೋಜನೆ ಒಪ್ಪಿತು. ಕಿರಾಣಿ ಅಂಗಡಿಯವನು, ಟೀ ಅಂಗಡಿಯವನು ಯಾರು ಬೇಕಾದರೂ ವೈಫೈ ಇಟ್ಟು ಐದು ಹತ್ತು ರೂಪಾಯಿಗೆ ನೆಟ್ ಮಾರಬಹುದು, ಲೈಸೆನ್ಸ್ ಬೇಡ, ಫೀಸ್ ಬೇಡ. ಹಳೇ ಎಸ್‌ಟಿಡಿ ಬೂತ್ ನೆನಪಿದೆಯಲ್ಲ, ಹಳದಿ ಬೋರ್ಡು, ಅದೇ ಲೆಕ್ಕ. ಇಂಥ ಅಂಗಡಿಗೆ ಪಬ್ಲಿಕ್ ಡೇಟಾ ಆಫೀಸ್, ಅಂದರೆ ಪಿಡಿಒ ಅಂತ ಹೆಸರು. (ನಮ್ಮ ಪಂಚಾಯಿತಿ ಪಿಡಿಒ ಅಲ್ಲ! ದೆಹಲಿಯಲ್ಲಿ ಹೆಸರಿಟ್ಟವರು ಒಂದು ಸಲ ಕರ್ನಾಟಕದ ಯಾವುದಾದರೂ ಪಂಚಾಯಿತಿಗೆ ಬಂದು ಹೋಗಿದ್ದರೆ ಈ ಗೊಂದಲ ಆಗುತ್ತಿರಲಿಲ್ಲ.) ಆದರೆ ಯೋಜನೆ ತೆವಳಿತು. ಯಾಕೆಂದರೆ ಕಂಪನಿಗಳು ಈ ಅಂಗಡಿಗಳಿಗೆ ಮನೆ ಪ್ಲಾನ್ ಕೊಡಲು ಒಪ್ಪದೆ, ಆಫೀಸುಗಳಿಗೆ ಕೊಡುವ ದುಬಾರಿ ಲೈನ್ ತೆಗೆದುಕೊಳ್ಳಿ ಅಂದವು. 2025ರ ಜೂನ್‌ನಲ್ಲಿ ಟ್ರಾಯ್ ಒಂದು ಮಿತಿ ಹಾಕಿತು: 200 ಎಂಬಿಪಿಎಸ್‌ವರೆಗಿನ (ಇದು ನೆಟ್ ಸ್ಪೀಡಿನ ಅಳತೆ) ಮನೆಯ ಫೈಬರ್ ಪ್ಲಾನ್ ಯಾವುದಿದೆಯೋ ಅದನ್ನು ಈ ಅಂಗಡಿಗಳಿಗೂ ಕೊಡಬೇಕು, ಮನೆ ದರದ ಎರಡರಷ್ಟಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಇದು ನೋಡಿ ಸರಿಯಾದ ಜಾಗದಲ್ಲಿ ಕಟ್ಟಿದ ರೇಟ್. ಕೊನೆಯ ಗ್ರಾಹಕನ ಬೆಲೆ ಮುಟ್ಟಲಿಲ್ಲ, ಇನ್ನೊಬ್ಬ ಅಂಗಡಿ ಇಡುವುದಕ್ಕೆ ಇದ್ದ ಅಡ್ಡಿಯನ್ನು ಎತ್ತಿತು.

ಈಗ ಆ ಕೆಂಪು ಲೈಟಿನ ಡಬ್ಬಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಅದೇ, ನೀವು ಅದನ್ನು ಸುಮ್ನೆ ಕೊನೆಯಲ್ಲಿ ಹೇಳಿಬಿಟ್ಟಿದ್ದೀರಿ.

ಅದು ಭಾರತ್‌ನೆಟ್. 2011ರಲ್ಲಿ ಬೇರೆ ಹೆಸರಿನಲ್ಲಿ ಮಂಜೂರಾಯಿತು, 2015ರಲ್ಲಿ ಈ ಹೆಸರು ಬಂತು. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗೆ ಫೈಬರ್ ಎಳೆದು ಒಂದೊಂದಕ್ಕೂ 100 ಎಂಬಿಪಿಎಸ್ ಕೊಡಬೇಕು ಅನ್ನುವ ಯೋಜನೆ. ದುಡ್ಡು ಎಲ್ಲಿಂದ? ನಿಮ್ಮಿಂದಲೇ. ಟೆಲಿಕಾಂ ಕಂಪನಿಗಳು ತಮ್ಮ ಆದಾಯದ 5% ಅನ್ನು ಹಳ್ಳಿಗಳಿಗಾಗಿ ಇರುವ ನಿಧಿಗೆ ಕಟ್ಟಬೇಕು. 2002ರಿಂದ ನಡೆದುಬಂದ ಆ ನಿಧಿಗೆ 2023ರ ಟೆಲಿಕಾಂ ಕಾಯ್ದೆ ‘ಡಿಜಿಟಲ್ ಭಾರತ್ ನಿಧಿ’ ಅಂತ ಹೊಸ ಹೆಸರು ಕೊಟ್ಟಿದೆ. ನೀವು ಪ್ರತಿ ಸಲ ಮೊಬೈಲ್ ರೀಚಾರ್ಜ್ ಮಾಡಿದಾಗಲೂ ಅದರಲ್ಲಿ ಒಂದು ಚೂರು ಈ ನಿಧಿಗೆ ಹೋಗುತ್ತಿದೆ. ಅಂದರೆ ಪಂಚಾಯಿತಿಯಲ್ಲಿ ಧೂಳು ಹಿಡಿದು ಕೂತಿರುವ ಆ ಡಬ್ಬ ನಿಮ್ಮ ದುಡ್ಡಿನದು. ಅದನ್ನು ಸರ್ಕಾರದ ಭಿಕ್ಷೆ ಅಂತ ನೋಡಬೇಡಿ.

ಕೆಂಪು ಲೈಟ್ ಮಿನುಗುವ ಜಾಗದಲ್ಲಿ ಎಲ್‌ಒಎಸ್ ಅಂತ ಬರೆದಿದೆಯಾ ನೋಡಿ. ಇದ್ದರೆ ಅರ್ಥ ಸರಳ: ಡಬ್ಬಕ್ಕೆ ಕರೆಂಟ್ ಇದೆ, ಫೈಬರಿನಲ್ಲಿ ಬೆಳಕು ಬರುತ್ತಿಲ್ಲ. ದಾರಿಯಲ್ಲಿ ಎಲ್ಲೋ ಕಡಿದಿದೆ, ಇಲ್ಲವೇ ಜಾಯಿಂಟ್ ಕೆಟ್ಟಿದೆ. ನಮ್ಮ ಕಡೆ ನೂರಕ್ಕೆ ಎಂಬತ್ತು ಸಲ ಅಪರಾಧಿ ಜೆಸಿಬಿ (ಇದು ನನ್ನ ಅಂದಾಜು, ಸರ್ಕಾರದ ಲೆಕ್ಕ ಅಲ್ಲ). ರಸ್ತೆ ಅಗಲ ಮಾಡುತ್ತಾರೆ, ನಲ್ಲಿ ಪೈಪಿಗೆ ಅಗೆಯುತ್ತಾರೆ, ಕೆಳಗೆ ಫೈಬರ್ ಇದೆ ಅಂತ ಯಾರಿಗೂ ಹೇಳುವುದಿಲ್ಲ. ಅಗೆಯುವ ಮೊದಲು ತಿಳಿಸುವುದಕ್ಕೆ ಅಂತಲೇ 2023ರ ಮಾರ್ಚ್‌ನಲ್ಲಿ ಕೇಂದ್ರದವರು ‘ಕಾಲ್ ಬಿಫೋರ್ ಯು ಡಿಗ್’ ಅಂತ ಒಂದು ಆ್ಯಪ್ ಬಿಟ್ಟರು. ಜೆಸಿಬಿ ಡ್ರೈವರ್ ಅದನ್ನು ತೆಗೆದು ನೋಡಿದ್ದನ್ನು ನಾನಂತೂ ಇವತ್ತಿನವರೆಗೆ ಕಂಡಿಲ್ಲ. ಮೊದಲ ಹಂತದಲ್ಲಿ ಜಾಸ್ತಿ ಕಡೆ ಲೈನನ್ನು ಮರದ ಕೊಂಬೆಯ ಹಾಗೆ ಎಳೆದರು, ಒಂದು ಕಡೆ ಕಡಿದರೆ ಅದರಾಚೆಯ ಪಂಚಾಯಿತಿಗಳೆಲ್ಲ ಒಣಗುತ್ತವೆ. 2023ರ ಆಗಸ್ಟ್‌ನಲ್ಲಿ ಒಪ್ಪಿಗೆಯಾದ ತಿದ್ದುಪಡಿ ಯೋಜನೆಯಲ್ಲಿ, 1.39 ಲಕ್ಷ ಕೋಟಿ ರೂಪಾಯಿಯದು, ಇದನ್ನು ಬಳೆಯ ಹಾಗೆ ಸುತ್ತುಹಾಕುತ್ತಾರೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬರುತ್ತದೆ. ಇದನ್ನು ಮೊದಲೇ ಮಾಡಬೇಕಿತ್ತು ಅಂತ ಫೀಲ್ಡಿನಲ್ಲಿದ್ದ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಕೇಳಬೇಕಲ್ಲ.

ಆ ಲೈನ್ ಜೀವ ಪಡೆದರೆ ನಿಮಗೆ ಏನು ಲಾಭ? ಪಂಚಾಯಿತಿ ಕಂಪ್ಯೂಟರಿನಲ್ಲಿ ಪಹಣಿ ಬೇಗ ಬರುತ್ತದೆ, ಅದು ಸಣ್ಣ ಲಾಭ. ದೊಡ್ಡದು ಬೇರೆ. ಆ ಫೈಬರನ್ನು ಯಾವ ಕಂಪನಿ ಬೇಕಾದರೂ ಬಾಡಿಗೆಗೆ ಪಡೆಯಬಹುದು, ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಅನ್ನುವ ಹಾಗಿಲ್ಲ. ತಾಲ್ಲೂಕು ಕೇಂದ್ರದಿಂದ ನಿಮ್ಮ ಊರಿನವರೆಗಿನ ಆ ಎಂಟು ಹತ್ತು ಕಿಲೋಮೀಟರ್ ಖರ್ಚು ಆಗಲೇ ಮುಗಿದಿದೆ. ಉಳಿದದ್ದು ಪಂಚಾಯಿತಿಯಿಂದ ಮನೆ ಮನೆಗೆ ಎಳೆಯುವುದು ಮಾತ್ರ. ಅದಕ್ಕೂ ಭಾರತ್‌ನೆಟ್ ಉದ್ಯಮಿ ಅಂತ ಊರಿನ ಹುಡುಗರನ್ನೇ ಪಾಲುದಾರರನ್ನಾಗಿ ತೆಗೆದುಕೊಳ್ಳುತ್ತಾರೆ, ಆದಾಯದಲ್ಲಿ ಅರ್ಧ ಪಾಲು. ಐಟಿಐ ಓದಿ ಮನೆಯಲ್ಲಿರುವ ಒಬ್ಬ ಹುಡುಗ ಇದಕ್ಕೆ ಸಾಕು. ಎರಡನೇ ಲೈನ್ ಬಂದ ತಿಂಗಳು ನಿಮ್ಮ ಕೇಬಲ್‌ನವರ 599 ಎಷ್ಟಾಗುತ್ತದೆ ನೋಡಿ. ಯಾರೂ ಆಜ್ಞೆ ಮಾಡಬೇಕಾಗಿಲ್ಲ. ಚಿಂತಾಮಣಿ ಕಡೆಯ ಒಂದು ಊರಿನಲ್ಲಿ ಇದನ್ನು ನಾನೇ ಕಂಡಿದ್ದೇನೆ, ಎರಡನೆಯವನು ಕಂಬಕ್ಕೆ ಏಣಿ ಒರಗಿಸಿದ ವಾರಕ್ಕೇ ಮೊದಲನೆಯವನು ರೂಟರ್ ಫ್ರೀ ಅಂತ ಮನೆ ಬಾಗಿಲಿಗೆ ಬಂದ.

ಕಂಬದ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ‘ಈ ಊರು ನಂದು, ಬೇರೆಯವರ ವೈರ್ ಎಳೆಯಲು ಬಿಡುವುದಿಲ್ಲ’ ಅಂತ ಧಮ್ಕಿ ಹಾಕುವ ಆಸಾಮಿಗಳು ನಮ್ಮ ಕಡೆ ಇದ್ದಾರೆ, ರಾತ್ರೋರಾತ್ರಿ ವೈರ್ ಕತ್ತರಿಸುವವರೂ ಇದ್ದಾರೆ. 2023ರ ಕಾಯ್ದೆಯ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಲೈನ್ ಹಾಕಲು ಅನುಮತಿ ಕೊಡುವಾಗ ಭೇದ ಮಾಡಬಾರದು, ಆದಷ್ಟೂ ಒಬ್ಬರಿಗೇ ಬರೆದುಕೊಡಬಾರದು. ಅದರ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಹಾಗಾಗಿ ಪಂಚಾಯಿತಿಯವರು ಕೇಬಲ್‌ನವರ ನೆಂಟರು ಅಂತ ಎರಡನೆಯವರ ಅರ್ಜಿಯನ್ನು ಡ್ರಾಯರಿಗೆ ಹಾಕುವಂತಿಲ್ಲ. ಹಾಕಿದರೆ ಬರಹದಲ್ಲಿ ಕಾರಣ ಕೇಳಿ.

ಸ್ಪೀಡಿನ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದೆರಡು ಮಾತು. ಸರ್ಕಾರದ ಲೆಕ್ಕದಲ್ಲಿ ಬ್ರಾಡ್‌ಬ್ಯಾಂಡ್ ಅಂದರೆ 2004ರಲ್ಲಿ 256 ಕೆಬಿಪಿಎಸ್, ಆಮೇಲೆ 512, 2023ರಿಂದ 2 ಎಂಬಿಪಿಎಸ್. ಮಗಳ ಆನ್‌ಲೈನ್ ಕ್ಲಾಸ್ ಒಂದು ಕಡೆ, ಅಳಿಯನ ಆಫೀಸ್ ಮೀಟಿಂಗ್ ಇನ್ನೊಂದು ಕಡೆ ಇರುವ ಮನೆಗೆ 2 ಏನಕ್ಕೂ ಸಾಲದು. ಆದರೆ ಅಷ್ಟು ಬಂದರೆ ಲೆಕ್ಕದ ಪುಸ್ತಕದಲ್ಲಿ ನಿಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಹಾಗೆಯೇ. ಇನ್ನು ರಾತ್ರಿ 8ಕ್ಕೆ ನೆಟ್ ತೆವಳುವುದಕ್ಕೆ ಕಾರಣ, ಒಂದೇ ಪೈಪನ್ನು ಸುಮಾರು ಮನೆಗೆ ಹಂಚಿರುತ್ತಾರೆ. ಮನೆ ಗ್ರಾಹಕರ ವಿಷಯದಲ್ಲಿ ಒಂದಕ್ಕೆ 50ರ ಮೇಲೆ ಹಂಚಬಾರದು ಅಂತ 2009ರಲ್ಲೇ ಟ್ರಾಯ್ ಮಾರ್ಗಸೂಚಿ ಕೊಟ್ಟಿದೆ. ಕೇಬಲ್‌ನವರನ್ನು ‘ನಮ್ಮ ಲೈನ್ ಎಷ್ಟು ಮನೆಗೆ ಹಂಚಿದ್ದೀರಿ?’ ಅಂತ ಒಂದು ಸಲ ಕೇಳಿ ನೋಡಿ. ಉತ್ತರಕ್ಕಿಂತ ಮುಖ ನೋಡುವುದಕ್ಕೆ ಚೆನ್ನಾಗಿರುತ್ತದೆ.

ಇನ್ನು ಆ 9 ದಿನ. ಇಲ್ಲಿ ಮಾತ್ರ ಕಾನೂನು ಪೂರ್ತಿ ನಿಮ್ಮ ಕಡೆ ಇದೆ. 2024ರ ಅಕ್ಟೋಬರ್ 1ರಿಂದ ಟ್ರಾಯ್‌ನ ಹೊಸ ಸೇವಾ ಗುಣಮಟ್ಟದ ನಿಯಮ ಬಂದಿದೆ. ವೈರಿನ ಲೈನ್ ಕೆಟ್ಟು 3 ದಿನ ದಾಟಿದರೆ ಗ್ರಾಹಕನಿಗೆ ಪರಿಹಾರ ಕೊಡಬೇಕು. ತೀರ ಪುಟ್ಟ ಕಂಪನಿಗಳಿಗೆ ಕೆಲವು ನಿಯಮಗಳಿಂದ ರಿಯಾಯಿತಿ ಇದೆ, ಅದಕ್ಕೇ ಮೇಲೆ ಕಂಪನಿ ಯಾವುದು ಅಂತ ಹುಡುಕಿ ಅಂದದ್ದು. ತಪ್ಪು ಎಲ್ಲಿ ಆಗುತ್ತದೆ ಗೊತ್ತಾ? ನೀವು ಕೇಬಲ್ ಹುಡುಗನಿಗೆ ಫೋನ್ ಮಾಡುತ್ತೀರಿ. ಅವನು ‘ನಾಳೆ ಬರ್ತೀನಿ’ ಅನ್ನುತ್ತಾನೆ. ಕಂಪನಿಯ ಪುಸ್ತಕದಲ್ಲಿ ಆ 9 ದಿನ ನಿಮ್ಮ ಲೈನ್ ಚೆನ್ನಾಗಿಯೇ ಇತ್ತು, ಯಾಕೆಂದರೆ ದೂರೇ ದಾಖಲಾಗಿಲ್ಲ! ಹುಡುಗನಿಗೆ ಫೋನ್ ಮಾಡಿ, ಬೇಡ ಅನ್ನುವುದಿಲ್ಲ. ಅದರ ಜೊತೆಗೆ ಕಂಪನಿಯ ಗ್ರಾಹಕ ಸೇವೆಗೂ ಫೋನ್ ಮಾಡಿ ಡಾಕೆಟ್ ನಂಬರ್, ಅಂದರೆ ದೂರು ದಾಖಲಾದ ನಂಬರ್ ತೆಗೆದುಕೊಳ್ಳಿ. ಆ ನಂಬರ್ ಇಲ್ಲದ ದೂರು ದೂರೇ ಅಲ್ಲ. ಅವರು ಸರಿ ಮಾಡದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಬರೆಯಬೇಕು, ಫೀಸ್ ಇಲ್ಲ, 39 ದಿನದೊಳಗೆ ಅವರು ತೀರ್ಮಾನಿಸಬೇಕು. ಟ್ರಾಯ್‌ಗೆ ನೇರ ಬರೆಯಬೇಡಿ, ಒಬ್ಬೊಬ್ಬರ ದೂರನ್ನು ಅವರು ವಿಚಾರಿಸುವುದಿಲ್ಲ, ಸುಮ್ನೆ ಕಂಪನಿಗೆ ಕಳಿಸುತ್ತಾರೆ.

ನನ್ನ ಮನೆಯಲ್ಲೇ ಎರಡು ವರ್ಷದ ಹಿಂದೆ ಇದೇ ಕತೆ. 11 ದಿನ ನೆಟ್ ಇಲ್ಲ. 30 ವರ್ಷ ಬೇರೆಯವರ ಲೈನ್ ರಿಪೇರಿ ಮಾಡಿದವನು ನಾನು, ನಾಚಿಕೆಗೆ ಮೂರು ದಿನ ಸುಮ್ಮನಿದ್ದೆ. ನಾಲ್ಕನೇ ದಿನ ಡಾಕೆಟ್ ನಂಬರ್ ತೆಗೆದುಕೊಂಡೆ. ಐದನೇ ದಿನ ‘ಸಮಸ್ಯೆ ಪರಿಹಾರವಾಗಿದೆ’ ಅಂತ ಮೆಸೇಜ್ ಬಂತು, ನೆಟ್ ಬರಲಿಲ್ಲ. ಇದು ಎಲ್ಲ ಕಡೆ ಮಾಡುವ ಆಟ. ಆ ಮೆಸೇಜು, ರೂಟರಿನ ಕೆಂಪು ಲೈಟಿನ ಫೋಟೊ, ತಾರೀಖು ಮೂರನ್ನೂ ಸೇರಿಸಿ ಮೇಲ್ಮನವಿ ಹಾಕಿದೆ. ದುಡ್ಡು ಮುಂದಿನ ಬಿಲ್‌ನಲ್ಲಿ ಕಡಿತವಾಗಿ ಬಂತು. ಇನ್ನೂರು ಚಿಲ್ಲರೆ ರೂಪಾಯಿ. ಮನೆಯವರು ‘ಇಷ್ಟಕ್ಕೆ ಇಷ್ಟೆಲ್ಲ ರಾಮಾಯಣ ಬೇಕಿತ್ತಾ’ ಅಂದರು. ಆಮೇಲಿಂದ ಲೈನ್ ಕೆಟ್ಟರೆ ಆ ಹುಡುಗ ಮಾರನೇ ದಿನವೇ ಬರುತ್ತಾನೆ.

ಮೇಲ್ಮನವಿಯಲ್ಲೂ ಆಗಲಿಲ್ಲ ಅಂದರೆ ಗ್ರಾಹಕ ಆಯೋಗ. ಟೆಲಿಕಾಂ ವಿಷಯ ಗ್ರಾಹಕ ಕೋರ್ಟಿಗೆ ಬರುವುದಿಲ್ಲ ಅಂತ ಕಂಪನಿಯ ವಕೀಲರು 2009ರ ಒಂದು ತೀರ್ಪು ಹಿಡಿದು ವರ್ಷಗಟ್ಟಲೆ ವಾದ ಮಾಡಿದರು. 2022ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್, ಬರುತ್ತದೆ ಅಂತ ಹೇಳಿ ಅದಕ್ಕೆ ತೆರೆ ಎಳೆದಿದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ನೋಡಿ, ಅದು ಗ್ರಾಹಕರ ಸಹಾಯವಾಣಿ. ಎಷ್ಟೋ ಸಲ ಅಲ್ಲಿಂದ ಹೋದ ಒಂದು ಪತ್ರಕ್ಕೇ ಕಂಪನಿ ಎದ್ದು ಕೂರುತ್ತದೆ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆ ಎಟಕುವುದು ಸಂವಿಧಾನದ 21ನೇ ವಿಧಿಯ, ಅಂದರೆ ಬದುಕುವ ಹಕ್ಕಿನ ಭಾಗ ಅಂತಲೂ ಹೇಳಿದೆ. ಆಸಿಡ್ ದಾಳಿಗೆ ಸಿಕ್ಕಿ ಕಣ್ಣು ಮಿಟುಕಿಸಲಾಗದವರು ಬ್ಯಾಂಕಿನ ಕೆವೈಸಿ (ಗುರುತಿನ ಪರಿಶೀಲನೆ) ಮಾಡಲಾಗದೆ ಹಾಕಿದ ಕೇಸು ಅದು. ದೊಡ್ಡ ಮಾತು, ಸಂತೋಷ. ಆದರೆ ಅದನ್ನು ಪಂಚಾಯಿತಿಗೆ ಓದಿ ಹೇಳಿದರೆ ಡಬ್ಬದ ಲೈಟ್ ಹಸಿರಾಗುವುದಿಲ್ಲ.

ಲೈಟ್ ಹಸಿರಾಗಬೇಕಾದರೆ ಆರ್‌ಟಿಐ ಹಾಕಿ. ಭಾರತ್‌ನೆಟ್ ಲೈನ್ ಈಗ ಬಿಎಸ್‌ಎನ್‌ಎಲ್ ಉಸ್ತುವಾರಿಯಲ್ಲಿದೆ, ಹಾಗಾಗಿ ಅವರಿಗೊಂದು, ಪಂಚಾಯಿತಿಗೊಂದು. ತಲಾ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ಪಂಚಾಯಿತಿಯದು 150 ಪದದೊಳಗೆ ಇರಲಿ, ಒಂದೇ ವಿಷಯ ಇರಲಿ, ನಮ್ಮ ರಾಜ್ಯದ ನಿಯಮ ಹಾಗಿದೆ. ಮೂರೇ ಪ್ರಶ್ನೆ ಕೇಳಿ: ಈ ಡಬ್ಬ ಯಾವ ತಾರೀಖಿನಿಂದ ಕೆಲಸ ಮಾಡುತ್ತಿಲ್ಲ, ಅದರ ಬಗ್ಗೆ ಯಾರು ಯಾವತ್ತು ದೂರು ಕೊಟ್ಟಿದ್ದಾರೆ, ರಿಪೇರಿಯ ಹೊಣೆ ಯಾರದು. ನನ್ನ ಅನುಭವದಲ್ಲಿ ಎರಡನೇ ಪ್ರಶ್ನೆಗೆ ‘ಯಾರೂ ಕೊಟ್ಟಿಲ್ಲ’ ಅಂತಲೇ ಬರುತ್ತದೆ. ಆ ಉತ್ತರವನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆಸಿ.

ನಿಮ್ಮ 9 ದಿನದ ಲೆಕ್ಕ ಬರೀ ದಿನದ ಲೆಕ್ಕದಲ್ಲಿ ಹಾಕಿದರೂ ಜಿಎಸ್‌ಟಿ ಸೇರಿ ಸುಮಾರು 212 ರೂಪಾಯಿ ಆಗುತ್ತದೆ. ಕಳೆದ ತಿಂಗಳದ್ದಕ್ಕೆ ಡಾಕೆಟ್ ನಂಬರ್ ಇಲ್ಲದಿದ್ದರೆ ಕೇಬಲ್‌ನವರಿಗೆ ಕಳಿಸಿದ ವಾಟ್ಸ್‌ಆ್ಯಪ್ ಮೆಸೇಜುಗಳನ್ನು ಅಳಿಸಬೇಡಿ, ಅದೇ ಸಾಕ್ಷಿ. ಇವತ್ತೇ ಕಂಪನಿಗೆ ಫೋನ್ ಮಾಡಿ ನಂಬರ್ ತೆಗೆದುಕೊಂಡು ನನಗೆ ಬರೆಯಿರಿ. ಮೇಲ್ಮನವಿಯ ಒಕ್ಕಣೆ ನಾನೇ ಬರೆದುಕೊಡುತ್ತೇನೆ.